ಬೆಳಗಿನ ಜಾವದ ಟ್ಯಾಂಕ್

ಮೈಸೂರಿನಲ್ಲಿ ಮನೆಮನೆಗೆ ಹೋಗಿ ಮೀನಿನ ಟ್ಯಾಂಕ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಏಪ್ರಿಲ್‌ನಲ್ಲಿ ಕುವೆಂಪುನಗರದ ಒಂದೇ ಮನೆಯಿಂದ ಮೂರು ಸಲ ಫೋನ್ ಬಂತು. ನಾಲ್ಕಡಿ ಟ್ಯಾಂಕ್, ಎಂಟು ಗೋಲ್ಡ್‌ಫಿಷ್, ತುಂಬಾ ಗಿಡ. ಹದಿನೈದು ದಿನದಲ್ಲಿ ಮೂರು ಮೀನು ಹೋದವು. ಮೂರೂ ಬೆಳಗ್ಗೆ ಎದ್ದು ನೋಡುವಷ್ಟರಲ್ಲಿ ಸತ್ತು ತೇಲುತ್ತಿದ್ದವು.

ನಾನು ಹೋಗುತ್ತಿದ್ದದ್ದು ಹನ್ನೊಂದು ಗಂಟೆಗೆ. ಆಗ ಏರ್ ಪಂಪ್ ಓಡುತ್ತಿರುತ್ತಿತ್ತು, ಗುಳ್ಳೆ ಬರುತ್ತಿತ್ತು, ಮೀನುಗಳು ಆರಾಮಾಗಿದ್ದವು. ನೀರು ಬದಲಿಸಿದೆ. ಎರಡನೇ ಸಲ ಔಷಧಿಯನ್ನೂ ಹಾಕಿದೆ. ಹಾಕಬಾರದಿತ್ತು. ಕಾಯಿಲೆಯೇ ಇರಲಿಲ್ಲ.

ಮೂರನೇ ಸಲ ಆ ಮನೆಯ ತಾತ ಮಾತಿನ ಮಧ್ಯೆ ಹೇಳಿದರು: “ಆ ಮೋಟರು ರಾತ್ರಿಯೆಲ್ಲಾ ಗುರ್ ಅಂತಿರುತ್ತೆ ಕಣಪ್ಪಾ, ನಿದ್ದೆ ಬರಲ್ಲ. ಮಲಗೋವಾಗ ಆಫ್ ಮಾಡಿಬಿಡ್ತೀನಿ.” ಅವರ ಮಂಚ ಇದ್ದದ್ದು ಹಾಲ್‌ನಲ್ಲೇ.

ಸ್ಪಂಜ್ ಫಿಲ್ಟರ್ ಓಡುತ್ತಿದ್ದದ್ದೂ ಅದೇ ಪಂಪ್‌ನಿಂದ. ಅಂದರೆ ರಾತ್ರಿಯೆಲ್ಲಾ ನೀರು ಅಲುಗಾಡುತ್ತಿರಲಿಲ್ಲ. ಗುಳ್ಳೆಗಿಂತ ಜಾಸ್ತಿ ಕೆಲಸ ಮಾಡುವುದು ನೀರಿನ ಮೇಲ್ಮೈ ಕದಡುವುದು. ಗಾಳಿ ಒಳಗೆ ಸೇರುವುದು ಅಲ್ಲೇ. ಗಿಡ ಇದೆಯಲ್ಲ ಅಂತ ಅನ್ನಿಸಬಹುದು. ಆದರೆ ಬೆಳಕಿದ್ದಾಗ ಮಾತ್ರ ಗಿಡ ಆಮ್ಲಜನಕ ಕೊಡುತ್ತದೆ. ಕತ್ತಲಾದರೆ ಅದೂ ಮೀನಿನ ಹಾಗೆ ಎಳೆದುಕೊಳ್ಳುತ್ತದೆ. ಹೀಗೆ ಇಳಿದು ಇಳಿದು, ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಆಗಿರುತ್ತದೆ.

ಬಿಸಿಲುಗಾಲ ಬೇರೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 30 ಡಿಗ್ರಿಗೆ ಏರಿದರೆ ಏಳೂವರೆ ಅಷ್ಟೇ. ಇದು ಸಮುದ್ರ ಮಟ್ಟದ ಲೆಕ್ಕ, ಎತ್ತರದಲ್ಲಿರುವ ನಮ್ಮ ಮೈಸೂರಿನಲ್ಲಿ ಇನ್ನೂ ಸ್ವಲ್ಪ ಕಡಿಮೆ. ನೀರು ಬಿಸಿಯಾದಷ್ಟೂ ಮೀನಿಗೆ ಉಸಿರು ಜಾಸ್ತಿ ಬೇಕು. ಗೋಲ್ಡ್‌ಫಿಷ್ ಮೊದಲೇ ತಣ್ಣನೆ ನೀರಿನ ಮೀನು.

ತಾತನಿಗೆ ನಿದ್ದೆಯೂ ಬೇಕು, ಅಲ್ವಾ? ಪಂಪ್ ಬಿಚ್ಚಿ ನೋಡಿದೆ. ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಬಿಡುವ ಕಲ್ಲಿನಲ್ಲಿ, ಅಂದರೆ ಏರ್ ಸ್ಟೋನ್‌ನಲ್ಲಿ, ಬೋರ್ ನೀರಿನ ಸುಣ್ಣ ಕಟ್ಟಿಕೊಂಡಿತ್ತು. ಗಾಳಿ ಹೋಗಲು ದಾರಿಯಿಲ್ಲದೆ ಪಂಪ್ ಒದ್ದಾಡುತ್ತಿತ್ತು. ಮರದ ಸ್ಟ್ಯಾಂಡ್ ಅದರ ಸದ್ದನ್ನು ದೊಡ್ಡದು ಮಾಡುತ್ತಿತ್ತು. ಕಲ್ಲು ಬದಲಿಸಿ, ಪಂಪ್ ಕೆಳಗೆ ದಪ್ಪ ಸ್ಪಂಜ್ ಇಟ್ಟೆ. ಪೈಪಿಗೆ ಚೆಕ್ ವಾಲ್ವ್ ಹಾಕಿದೆ, ಕರೆಂಟ್ ಹೋದಾಗ ನೀರು ಪಂಪಿಗೆ ವಾಪಸ್ ಇಳಿಯದಿರಲಿ ಅಂತ. ಸದ್ದು ಫ್ಯಾನಿನ ಸದ್ದಿನೊಳಗೆ ಅಡಗಿಹೋಯಿತು.

ಥರ್ಮಾಮೀಟರ್ ನೋಡುವ ಕೆಲಸ ತಾತನೇ ವಹಿಸಿಕೊಂಡರು. ಬೆಳಗ್ಗೆ ಐದೂವರೆಗೆ ಒಂದು ಸಲ, ಸಂಜೆ ನಾಲ್ಕಕ್ಕೆ ಒಂದು ಸಲ, ಕ್ಯಾಲೆಂಡರ್ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟರು. ಬೆಳಗ್ಗೆ 27, ಸಂಜೆ 31. ಪಶ್ಚಿಮದ ಕಿಟಕಿಯ ಬಿಸಿಲು ನೇರ ಟ್ಯಾಂಕಿಗೆ ಬೀಳುತ್ತಿತ್ತು ಅಂತ ತಿಳಿದದ್ದು ಆ ಹಾಳೆಯಿಂದ. ಪರದೆ ಎಳೆದು, ಮುಚ್ಚಳ ಸ್ವಲ್ಪ ಸರಿಸಿ, ನೀರಿನ ಮೇಲೆ ಸಣ್ಣ ಫ್ಯಾನ್ ತಿರುಗಿಸಿದೆವು. ಸಂಜೆಯ ಅಂಕಿ 29ಕ್ಕೆ ಬಂತು. ಉಳಿದ ಐದು ಮೀನೂ ಬದುಕಿದವು.

ಈಗ ಹೊಸ ಮನೆ ಒಪ್ಪಿಕೊಂಡರೆ, ಮೊದಲ ವಾರದಲ್ಲಿ ಒಂದು ದಿನವಾದರೂ ಬೆಳಕು ಹರಿಯುವ ಮುಂಚೆ ಹೋಗುತ್ತೇನೆ. ಲೈಟ್ ಹಾಕುವ ಮೊದಲು ಟಾರ್ಚ್ ಬಿಟ್ಟು, ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆಯಾ ಅಂತ ನೋಡುತ್ತೇನೆ.