ಬಸ್ಯಾನ ಚಿಪ್ಪಿಗೆ ತೇಪೆ

ರಾತ್ರಿ ಕಸ ಹಾಕಲು ಹಿತ್ತಲಿಗೆ ಹೋದಾಗ ಕಾಲಡಿ ಕರಕ್ ಅಂತು. ಇಂಗ್ಲೆಂಡಿನಲ್ಲಿ ಮಳೆ ನಿಂತ ರಾತ್ರಿ ಬಸವನಹುಳು ತುಳಿಯದೆ ಹಿತ್ತಲು ದಾಟುವುದು ಕಷ್ಟ. ಮೊಬೈಲ್ ಬೆಳಕು ಹಿಡಿದು ನೋಡಿದೆ. ಪುಣ್ಯಕ್ಕೆ ಅಂಚಿನ ಮೇಲೆ ಕಾಲಿಟ್ಟಿದ್ದೆ. ಚಿಪ್ಪಿನ ಬಾಯಿಯ ಹತ್ತಿರ ಒಡೆದು ಒಳಗಿನ ಬೂದು ಮೈ ಕಾಣುತ್ತಿತ್ತು.

ನಾನು ಕೊಡಗಿನ ಶನಿವಾರಸಂತೆ ಕಡೆಯವಳು. ಅಲ್ಲಿನ ಕಾಫಿ ತೋಟಗಳಲ್ಲಿ ಆಫ್ರಿಕಾದ ದೈತ್ಯ ಬಸವನಹುಳುವಿನ ಹಾವಳಿ ಗೊತ್ತಲ್ವಾ? ರಜೆಗೆ ಹೋದಾಗ ನಾನೇ ಬಕೆಟ್ ಹಿಡಿದು ಆರಿಸಿ, ಮೇಲೆ ಉಪ್ಪು ಸುರಿದಿದ್ದೇನೆ. ಇಲ್ಲಿ ಒಂದು ಹುಳುವಿಗೆ ಅಯ್ಯೋ ಅಂದದ್ದು ನನಗೇ ನಾಚಿಕೆ. ಆದರೆ ಮಗ ಅಷ್ಟರಲ್ಲಿ ಅದಕ್ಕೆ ಬಸ್ಯಾ ಅಂತ ಹೆಸರಿಟ್ಟಾಗಿತ್ತು. ಇವು ಗಂಡೂ ಹೌದು, ಹೆಣ್ಣೂ ಹೌದು. ಬಸಮ್ಮ ಅಂದರೂ ನಡೆಯುತ್ತಿತ್ತು.

ಚಿಪ್ಪು ಹೋದರೆ ಬೇರೆ ಚಿಪ್ಪಿಗೆ ಹೋಗುತ್ತೆ ಅಂದುಕೊಂಡಿದ್ದೆ. ಇಲ್ಲ, ಅದು ಸನ್ಯಾಸಿ ಏಡಿ ಮಾಡುವ ಕೆಲಸ. ಬಸವನಹುಳುವಿನ ಮೈ ಚಿಪ್ಪಿನ ನಡುಗಂಬಕ್ಕೆ ಸ್ನಾಯುವಿನಿಂದ ಅಂಟಿರುತ್ತದೆ. ಎಳೆದು ತೆಗೆದರೆ ಸಾಯುತ್ತದೆ. ಚಿಪ್ಪನ್ನು ಕಟ್ಟುವುದೂ ಅದರದೇ ಮೈ. ಚಿಪ್ಪಿನ ಒಳಮೈಗೆ ಹೊದ್ದ ತೆಳು ಪದರವೊಂದು ಸುಣ್ಣದ ಅಂಶ ಸ್ರವಿಸುತ್ತದೆ. ಚಿಪ್ಪು ಬೆಳೆಯುವುದು ಬಾಯಂಚಿನಲ್ಲೇ ಆದ್ದರಿಂದ ಅಲ್ಲಿ ಒಡೆದರೆ ರಿಪೇರಿ ಸುಲಭ. ಸುರುಳಿ ನಜ್ಜುಗುಜ್ಜಾಗಿ ಒಳಗಿನದೆಲ್ಲ ಹೊರಬಂದಿದ್ದರೆ ಉಳಿಯುವುದು ಕಷ್ಟ.

ನಾವು ಮಾಡಿದ್ದು ಬಹಳ ಕಡಿಮೆ. ಐಸ್‌ಕ್ರೀಂ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು, ಒದ್ದೆ ಟಿಶ್ಯೂ ಹಾಸಿ, ತಂಪಾದ ಮೂಲೆಯಲ್ಲಿ ಇಟ್ಟೆವು. ನೀರು ನಿಲ್ಲಬಾರದು, ಒಣಗಲೂ ಬಾರದು. ಅದಕ್ಕೆ ಸುಣ್ಣದ ಅಂಶ ಸಿಗಲಿ ಅಂತ ಮೊಟ್ಟೆ ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಗೆ ಹಾಕಿ ಪುಡಿ ಮಾಡಿದೆ. ಅದೇ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತೀಯಾ ಅಂತ ಗಂಡ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಮಗನಿಗೆ ಫೆವಿಕ್ವಿಕ್ ಹಚ್ಚುವ ಆಸೆ. ಬೇಡವೇ ಬೇಡ ಅಂದೆ. ತೆರೆದ ಮೈಗೆ ಅಂಟು ತಗುಲಿದರೆ ಅದೇ ವಿಷ.

ಎರಡು ದಿನ ಬಸ್ಯಾ ಒಳಗೇ ಮುದುಡಿಕೊಂಡಿತ್ತು. ಸತ್ತಿದೆಯಾ ಅಂತ ಮೂಸಿಯೂ ನೋಡಿದೆ. ಸತ್ತಿದ್ದರೆ ನಾತ ಮೊದಲು ಹೇಳುತ್ತದೆ. ಮೂರನೇ ರಾತ್ರಿ ಕೊಂಬು ಹೊರಗೆ ಬಂತು, ಸೌತೆಕಾಯಿಗೆ ತೂತು ಬಿತ್ತು. ಕ್ಯಾರೆಟ್ ಹಾಕಿದ ಮರುದಿನ ಕಿತ್ತಳೆ ಬಣ್ಣದ ಹಿಕ್ಕೆ. ಮಗನಿಗೆ ಇಡೀ ಪ್ರಸಂಗದಲ್ಲಿ ಇದೇ ದೊಡ್ಡ ಸುದ್ದಿ, ಶಾಲೆಗೂ ಹೋಗಿ ಹೇಳಿ ಬಂದ.

ವಾರದೊಳಗೆ ಒಡಕಿನ ಮೇಲೆ ಈರುಳ್ಳಿ ಪೊರೆಯಂಥದ್ದು ಮೂಡಿತು. ಮುಟ್ಟಿದರೆ ತಗ್ಗುವಷ್ಟು ಮೆತ್ತಗೆ. ಆಮೇಲೆ ದಿನದಿನಕ್ಕೂ ಬೆಳ್ಳಗಾಗಿ ಗಟ್ಟಿಯಾಯಿತು. ಉಳಿದ ಚಿಪ್ಪಿನ ಕಂದು ಪಟ್ಟೆ ಅಲ್ಲಿ ಬರಲಿಲ್ಲ. ಹಳೇ ಪಂಚೆಗೆ ಬೇರೆ ಬಟ್ಟೆಯ ತೇಪೆ ಹಾಕಿದ ಹಾಗೆ.

ಪಕ್ಕದ ಮನೆ ಅಜ್ಜಿಗೆ ಡಬ್ಬಿ ತೋರಿಸಿದಾಗ ನಕ್ಕರು. ಮೊದಲೆಲ್ಲ ಅವರು ನೀಲಿ ವಿಷದ ಗುಳಿಗೆ ಎರಚುತ್ತಿದ್ದರಂತೆ. ಆ ಮೆಟಾಲ್ಡಿಹೈಡ್ ಗುಳಿಗೆಯನ್ನು ಹೊರಗೆ ಬಳಸುವುದು 2022ರಿಂದ ಇಲ್ಲಿ ನಿಷೇಧ. ಅದೇ ವರ್ಷ ಇಲ್ಲಿನ ತೋಟಗಾರಿಕೆ ಸಂಸ್ಥೆ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ, ಇನ್ನು ಬಸವನಹುಳುಗಳನ್ನು ಪೀಡೆ ಎನ್ನುವುದಿಲ್ಲ ಎಂದಿತು. "ಅವರ ಲೆಟಿಸ್ ತಿಂದಿಲ್ಲ, ಅದಕ್ಕೇ" ಅಂದರು ಅಜ್ಜಿ. ನಮ್ಮ ಬೇಲಿಯ ಈಚೆಗೇ ಬಿಡಬೇಕು ಅಂತ ಷರತ್ತೂ ಹಾಕಿದರು.

ಮೂರು ವಾರದ ಮೇಲೆ ಬೇಲಿಯ ಈಚೆಗೇ ಬಿಟ್ಟೆವು. ನನ್ನ ಚೆಂಡುಹೂವಿನ ಸಸಿಗಳು ಎರಡೇ ರಾತ್ರಿಯಲ್ಲಿ ಕಡ್ಡಿಗಳಾದವು. ಬಸ್ಯಾ ಒಂದೇ ತಿಂದಿರಲಾರದು ಬಿಡಿ.

ಊರಿನಲ್ಲಿ ಅಪ್ಪನಿಗೆ ಇದನ್ನು ಹೇಳಿದಾಗ, "ಅಲ್ಲಮ್ಮಾ, ಇಲ್ಲಿ ನಾವು ಉಪ್ಪು ಹಾಕಿ ಸಾಯಿಸ್ತಿದ್ದೇವೆ, ನೀನು ಅಲ್ಲಿ ಆಸ್ಪತ್ರೆ ಇಟ್ಟಿದ್ದೀಯಾ?" ಅಂತ ರೇಗಿದ್ದರು. ಈಗ ಫೋನ್ ಮಾಡಿದಾಗೆಲ್ಲ, "ನಿನ್ನ ಬಸ್ಯಾ ಮತ್ತೆ ಕಂಡಿತಾ?" ಅಂತ ಕೇಳುತ್ತಾರೆ. ಆಮೇಲೆ ತೋಟದಲ್ಲಿ ಆವತ್ತು ಎಷ್ಟು ಬಕೆಟ್ ಹಿಡಿದರು ಅಂತ ಲೆಕ್ಕ ಹೇಳುತ್ತಾರೆ.