ಪ್ರಶ್ನೆ ಊರಿನದಾಗಿರಲಿ

ವಿದ್ಯಾರ್ಥಿಯಾಗಿದ್ದಾಗ ನೀರಿನ ಬಳಕೆಯ ಸಮೀಕ್ಷೆಗೆಂದು ನಾವು ಒಂದು ಹಳ್ಳಿಗೆ ಹೋಗಿದ್ದೆವು. ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಕುಳಿತಿದ್ದ ಅಜ್ಜಿಯೊಬ್ಬರು ನನ್ನ ಪ್ರಶ್ನಾವಳಿಯ ಅಷ್ಟೂ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಕೊಟ್ಟು, ಕೊನೆಯಲ್ಲಿ, "ಹೋದ ವರ್ಷ ಬಂದವರೂ ಇದನ್ನೇ ಬರೆದುಕೊಂಡು ಹೋದರಲ್ಲಪ್ಪಾ, ಅದು ಏನಾಯಿತು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ವರದಿಗೆ ಒಳ್ಳೆಯ ಅಂಕಗಳು ಬಂದವು, ಆದರೆ ಅದರ ಒಂದು ಪ್ರತಿಯೂ ಆ ಊರಿಗೆ ಹೋಗಲಿಲ್ಲ. ಇಂದು ನಾನೇ ಪಾಠ ಹೇಳುವ ಕಡೆ ನಿಂತಿರುವಾಗ ಆ ಪ್ರಶ್ನೆ ಇನ್ನೂ ಹೆಚ್ಚು ಕಾಡುತ್ತದೆ.

ವಿಶ್ವಸಂಸ್ಥೆ 2015ರಲ್ಲಿ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಅಂಗೀಕರಿಸಿ, 2030ರೊಳಗೆ ಅವುಗಳನ್ನು ಸಾಧಿಸಬೇಕೆಂದು ಗೊತ್ತುಮಾಡಿದ ಮೇಲೆ, ಸಮುದಾಯದೊಡನೆ ಕೆಲಸ ಮಾಡುತ್ತೇವೆಂದು ಹೇಳದ ವಿಶ್ವವಿದ್ಯಾಲಯ ಅಪರೂಪವೇ ಆಗಿದೆ. ಆದರೆ ಸಾಮಾನ್ಯವಾಗಿ ವಿಷಯ ಮೊದಲೇ ನಿರ್ಧಾರವಾಗಿರುತ್ತದೆ, ಅನುದಾನವೂ ಮಂಜೂರಾಗಿರುತ್ತದೆ, ಆಮೇಲಷ್ಟೇ ಅದಕ್ಕೆ ಹೊಂದುವ ಊರನ್ನು ಹುಡುಕಲಾಗುತ್ತದೆ. ಈ ಕ್ರಮವೇ ತಿರುಗುಮುರುಗಾಗಬೇಕು, ಪ್ರಶ್ನೆ ಊರಿನಿಂದ ಹುಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಬರಿಯ ಆದರ್ಶವಲ್ಲ. ನೆದರ್ಲೆಂಡ್ಸ್‌ನ ವಿಶ್ವವಿದ್ಯಾಲಯಗಳು 1970ರ ದಶಕದಲ್ಲಿಯೇ 'ವಿಜ್ಞಾನದ ಅಂಗಡಿ'ಗಳನ್ನು ತೆರೆದವು. ಸಂಶೋಧನೆಗೆ ಹಣವಿಲ್ಲದ ನಾಗರಿಕ ಸಂಘಟನೆಗಳು ತಮ್ಮ ಪ್ರಶ್ನೆಯನ್ನು ಅಲ್ಲಿಗೆ ತರಬಹುದಿತ್ತು, ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ, ತಮ್ಮ ವ್ಯಾಸಂಗದ ಭಾಗವಾಗಿಯೇ ಅದಕ್ಕೆ ಉತ್ತರ ಹುಡುಕುತ್ತಿದ್ದರು. ಇಲ್ಲಿ ನಿಜವಾದ ಕೌಶಲ ಬೇಕಾಗುವುದು ದೂರನ್ನು ಸಂಶೋಧನಾ ಪ್ರಶ್ನೆಯಾಗಿ ಮಾರ್ಪಡಿಸುವಲ್ಲಿ. "ಬಾವಿಯ ನೀರು ಕೆಟ್ಟಿದೆ" ಎಂದು ಬಂದವರೊಡನೆ ಕುಳಿತು, ಯಾವ ಬಾವಿ, ಯಾವ ತಿಂಗಳಲ್ಲಿ, ಮಳೆಗೆ ಮೊದಲೋ ಅನಂತರವೋ, ಪಕ್ಕದ ಹೊಲಕ್ಕೆ ಗೊಬ್ಬರ ಹಾಕಿದ್ದು ಯಾವಾಗ ಎಂಬುದನ್ನೆಲ್ಲ ಕೇಳುತ್ತ ಹೋದಂತೆ ಏನನ್ನು ಅಳೆಯಬೇಕೆಂಬುದು ತಿಳಿಯಾಗುತ್ತದೆ, ಮತ್ತು ಆ ತಿಳಿವಳಿಕೆಯ ಅರ್ಧ ಭಾಗ ಬಂದವರ ಬಳಿಯೇ ಇತ್ತೆಂಬುದೂ ಗೊತ್ತಾಗುತ್ತದೆ.

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ನಡೆದದ್ದನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತೇನೆ. ಖರ್ಚು ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ನಗರದ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಾಯಿಸಲಾಯಿತು, ಆದರೆ ಕೊಳವೆಗಳು ಸವೆಯದಂತೆ ತಡೆಯುವ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಕೊಳವೆಗಳಿಂದ ಸೀಸವೆಂಬ ವಿಷಕಾರಿ ಲೋಹ ನೀರಿಗಿಳಿಯಿತು. ಬಣ್ಣ ಮತ್ತು ವಾಸನೆಯ ಬಗ್ಗೆ ಜನ ದೂರಿದಾಗ ನೀರು ಸುರಕ್ಷಿತವೆಂಬ ಉತ್ತರವೇ ಸಿಗುತ್ತಿತ್ತು. ತನ್ನ ಮಕ್ಕಳ ಆರೋಗ್ಯಕ್ಕಾಗಿ ಕಂಗೆಟ್ಟ ತಾಯಿಯೊಬ್ಬರು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರನ್ನು ಸಂಪರ್ಕಿಸಿದ ಮೇಲೆ, 2015ರಲ್ಲಿ ಸುಮಾರು 300 ಪರೀಕ್ಷಾ ಕಿಟ್‌ಗಳು ನಗರಕ್ಕೆ ಬಂದವು. ಹಲವು ಗಂಟೆ ನಲ್ಲಿ ತಿರುಗಿಸದೆ ಬಿಟ್ಟು ಮೊದಲು ಬರುವ ನೀರನ್ನು ಹಿಡಿಯಬೇಕೆಂಬ ಕ್ರಮವನ್ನು ನಿವಾಸಿಗಳೇ ಕಲಿತು, ಮನೆಮನೆಗೆ ಕಿಟ್ ಹಂಚಿ, 250ಕ್ಕೂ ಹೆಚ್ಚು ಮನೆಗಳ ಮಾದರಿಗಳನ್ನು ಹಿಂದಿರುಗಿಸಿದರು. ಫಲಿತಾಂಶವನ್ನು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗುವವರೆಗೆ ಕಾಯದೆ ನೇರವಾಗಿ ಜನರ ಮುಂದಿಡಲಾಯಿತು. ಅಕ್ಟೋಬರ್‌ನಲ್ಲಿ ನಗರ ಹಳೆಯ ಮೂಲಕ್ಕೆ ಮರಳಿತು. ಪ್ರಯೋಗಾಲಯವಿಲ್ಲದಿದ್ದರೆ ಜನರ ಮಾತು ಬರಿಯ ದೂರಾಗಿಯೇ ಉಳಿಯುತ್ತಿತ್ತು, ಜನರಿಲ್ಲದಿದ್ದರೆ ಪ್ರಯೋಗಾಲಯಕ್ಕೆ ಅಷ್ಟು ಬೇಗ ಅಷ್ಟು ಮನೆಗಳ ಬಾಗಿಲು ತೆರೆಯುತ್ತಿರಲಿಲ್ಲ.

ನಂಬಿಕೆ ಮುರಿದ ಕಥೆಗಳೂ ಇವೆ. ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸಾನ್ ಜನ ಹಸಿವು, ಬಾಯಾರಿಕೆ ತಡೆಯಲು ತಲೆಮಾರುಗಳಿಂದ ಬಳಸುತ್ತಿದ್ದ ಹೂಡಿಯಾ ಗಿಡದ ಗುಣಕ್ಕೆ ಅಲ್ಲಿನ ಸಂಶೋಧನಾ ಸಂಸ್ಥೆಯೊಂದು ಅವರನ್ನು ಕೇಳದೆಯೇ ಪೇಟೆಂಟ್ ಪಡೆಯಿತು, ಅವರೊಡನೆ ಲಾಭ ಹಂಚಿಕೆಯ ಒಪ್ಪಂದವಾದದ್ದು ಆಮೇಲೆ, 2003ರಲ್ಲಿ. ಕೊನೆಗೆ 2017ರಲ್ಲಿ ಸಾನ್ ಸಮುದಾಯವೇ ಸಂಶೋಧಕರಿಗಾಗಿ ನೀತಿಸಂಹಿತೆಯೊಂದನ್ನು ಪ್ರಕಟಿಸಿ, ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿಗಳನ್ನು ಮುಂದಿಟ್ಟುಕೊಂಡೇ ತಮ್ಮಲ್ಲಿಗೆ ಬರಬೇಕೆಂದು ಕೇಳಿತು. ಕ್ಷೇತ್ರಕಾರ್ಯಕ್ಕೆ ಹೊರಡುವ ಪ್ರತಿ ವಿದ್ಯಾರ್ಥಿಯೂ ಅದನ್ನು ಓದಬೇಕೆಂಬುದು ನನ್ನ ಆಸೆ.

ಇನ್ನೊಂದು ತೊಡಕು ಕಾಲದ್ದು. ಸೆಮಿಸ್ಟರ್ ನಾಲ್ಕೈದು ತಿಂಗಳಲ್ಲಿ ಮುಗಿಯುತ್ತದೆ, ಆದರೆ ಅಂತರ್ಜಲದ ಏರಿಳಿತ ಅರ್ಥವಾಗಲು ಹಲವು ಮಳೆಗಾಲ ಬೇಕು. ವಿದ್ಯಾರ್ಥಿಗಳು ಬದಲಾಗುತ್ತಲೇ ಇರುವುದರಿಂದ, ಊರಿನವರು ಹೆಸರು ಹಿಡಿದು ಕರೆಯಬಲ್ಲ ಒಬ್ಬ ಕಾಯಂ ಸಂಯೋಜಕರನ್ನು ವಿಶ್ವವಿದ್ಯಾಲಯ ನೇಮಿಸಬೇಕು, ಮತ್ತು ಹತ್ತು ಊರುಗಳಿಗೆ ಒಂದೊಂದು ವರ್ಷ ಹೋಗುವ ಬದಲು ಒಂದೇ ಊರಿಗೆ ಹತ್ತು ವರ್ಷ ಹೋಗುವುದು ಮೇಲು. ಅಧ್ಯಾಪಕರ ಬಡ್ತಿಯಲ್ಲಿ ಈ ಕೆಲಸಕ್ಕೂ ಬೆಲೆ ಸಿಗಬೇಕು. ಮಾಹಿತಿ ಸಂಗ್ರಹಿಸಲು ದಿನಗಟ್ಟಲೆ ನೆರವಾಗುವ ಊರಿನವರಿಗೆ ಕೂಲಿ ಕೊಡಬೇಕು, ಇದನ್ನು ಹೇಳಬೇಕಾಗಿ ಬಂದಿರುವುದೇ ಬೇಸರದ ಸಂಗತಿ.

ಈಗ ನನ್ನ ವಿದ್ಯಾರ್ಥಿಗಳು ವರದಿಯನ್ನು ವಿಭಾಗಕ್ಕೆ ಒಪ್ಪಿಸುವ ಮೊದಲು ಊರಿನ ಸಭೆಯಲ್ಲಿ ಓದುತ್ತಾರೆ. ಕಳೆದ ಬಾರಿ ಗೋಡೆಗೆ ಅಂಟಿಸಿದ್ದ ನಕ್ಷೆಯ ಹತ್ತಿರ ಬಂದ ಹಿರಿಯರೊಬ್ಬರು, ಬೆರಳಿಟ್ಟು, "ಈ ಬಾವಿ ಹಳ್ಳದ ಈಚೆ ಇಲ್ಲ, ಆಚೆ ಇದೆ" ಎಂದರು. ವಿದ್ಯಾರ್ಥಿನಿಯೊಬ್ಬಳು ಅಲ್ಲಿಯೇ ಪೆನ್ಸಿಲ್ ತೆಗೆದು ಗುರುತನ್ನು ಅಳಿಸಿ, ಅವರ ಕೈಗೇ ಪೆನ್ಸಿಲ್ ಕೊಟ್ಟಳು.