ಗಡ್ಡದ ಎಬರ್‌ಹಾರ್ಡ್ ಊರುಗಳು: ಉರಾಖ್ ಮೊದ್ಲು ನೋಡಿ, ಟ್ಯೂಬಿಂಗನ್ ಆಮೇಲೆ

ಜರ್ಮನಿಯ ಟ್ಯೂಬಿಂಗನ್‌ನಲ್ಲಿ ರಾತ್ರಿ ಉಳ್ಕೋಬೇಡಿ, ಇದನ್ನ ಮೊದ್ಲೇ ಹೇಳಿಬಿಡ್ತೀನಿ. ಸ್ಟೂಡೆಂಟ್‌ಗಳ ಊರು, ರೂಮ್ ಸಿಗೋದೇ ಕಷ್ಟ, ಸಿಕ್ಕಿದ್ದಕ್ಕೆ ಬಾಯಿಗೆ ಬಂದ ರೇಟು. ನಮ್ಮತ್ರ ಒಂದು ರಾತ್ರಿಗೆ 160 ಯೂರೋ ತಗೊಂಡ್ರು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಅಮ್ಮನಿಗೆ ಮಂಡಿ ನೋವು, ಫೋಟೋದಲ್ಲಿ ಕಿಟಕಿ ತುಂಬಾ ನೆಕ್ಕರ್ ನದಿ, ಹೋಗಿ ಪರದೆ ಸರಿಸಿದ್ರೆ ಪಕ್ಕದ ಮನೆ ಗೋಡೆ! ಕೇಳಿದ್ದಕ್ಕೆ ಆ ಫೋಟೋ ಬಿಲ್ಡಿಂಗ್‌ದು, ನಿಮ್ಮ ರೂಮಿಂದಲ್ಲ ಅಂದ್ರು. ರಾಯ್ಟ್‌ಲಿಂಗನ್‌ನಲ್ಲಿ ಉಳ್ಕೊಳ್ಳಿ, ಅಲ್ಲಿಂದ ರೈಲಲ್ಲಿ ಹತ್ತು ಹದಿನೈದು ನಿಮಿಷ ಅಷ್ಟೇ.

ನಾವು ಹೊರಟಿದ್ದು ಅಪ್ಪನ ಹಠಕ್ಕೆ. ಅಪ್ಪನಿಗೆ ಕಿಟೆಲ್ ಅಂದ್ರೆ ಪ್ರಾಣ, 1894ರ ಆ ಕನ್ನಡ-ಇಂಗ್ಲಿಷ್ ನಿಘಂಟು ಈಗ್ಲೂ ಮನೇಲಿ ಅವರ ಕೈಗೆ ಸಿಗೋ ಜಾಗದಲ್ಲೇ ಇರುತ್ತೆ. ಕಿಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿದ್ದು ಟ್ಯೂಬಿಂಗನ್ ಯೂನಿವರ್ಸಿಟಿ, ಅವರು 1903ರಲ್ಲಿ ತೀರಿಹೋಗಿದ್ದೂ ಅದೇ ಊರಲ್ಲಿ. ಮಂಗಳೂರ ಸಮಾಚಾರ ಪತ್ರಿಕೆ ತಂದ ಮೋಗ್ಲಿಂಗ್ ಓದಿದ್ದೂ ಅಲ್ಲೇ. ಆ ಯೂನಿವರ್ಸಿಟಿನ 1477ರಲ್ಲಿ ಶುರು ಮಾಡಿದವನು ಒಬ್ಬ ಕೌಂಟ್ (ಒಂದು ಸೀಮೆ ಆಳೋ ದೊರೆ), ಎಬರ್‌ಹಾರ್ಡ್, ಗಡ್ಡ ಬಿಟ್ಟಿದ್ದಕ್ಕೆ ಜರ್ಮನ್ನರು ಇವತ್ತಿಗೂ ಗಡ್ಡದ ಎಬರ್‌ಹಾರ್ಡ್ ಅಂತಾನೇ ಕರೀತಾರೆ, ಯೂನಿವರ್ಸಿಟಿ ಹೆಸರಲ್ಲೂ ಅವನಿದಾನೆ. ಕಿಟೆಲ್ ನೋಡೋಕೆ ಹೋಗಿ ಈ ಗಡ್ಡದವನ ಸಂಸಾರದಲ್ಲಿ ಸಿಕ್ಕಾಕ್ಕೊಂಡ್ವಿ.

ಎಲ್ಲರೂ ಸ್ಟುಟ್‌ಗಾರ್ಟ್‌ನಿಂದ ಸೀದಾ ಟ್ಯೂಬಿಂಗನ್‌ಗೆ ಹೋಗ್ತಾರೆ, ಹಂಗೆ ಮಾಡ್ಬೇಡಿ. ಅಲ್ಲಿರೋದು ಎಬರ್‌ಹಾರ್ಡ್ ಸಂಸಾರದ ಸಮಾಧಿಗಳು. ಅವನು ಹುಟ್ಟಿದ್ದು, ಮದ್ವೆ ಆಗಿದ್ದು ಎಲ್ಲಾ ಬಾಡ್ ಉರಾಖ್‌ನಲ್ಲಿ, ಅದನ್ನ ನೋಡದೆ ಹೋದ್ರೆ ಚರ್ಚಲ್ಲಿ ಬರೀ ಕಲ್ಲಿನ ಗೊಂಬೆ ನೋಡಿಕೊಂಡು ಬರ್ತೀರ.

ಉರಾಖ್‌ಗೆ ಮೆಟ್ಸಿಂಗನ್‌ನಲ್ಲಿ ರೈಲು ಬದಲಾಯಿಸ್ಬೇಕು. ಅಲ್ಲಿಂದ ಬರೀ ಹತ್ತು ಕಿಲೋಮೀಟರ್, ಆದ್ರೆ ಆ ಹತ್ತು ಕಿಲೋಮೀಟರೇ ನಮ್ಮ ಅರ್ಧ ದಿನ ತಿಂದುಬಿಡ್ತು. ಆ್ಯಪ್‌ನಲ್ಲಿ ಎಸ್‌ಇವಿ ಅಂತ ಮೂರಕ್ಷರ ಕಂಡ್ರೆ ರೈಲು ಇಲ್ಲ, ಬದಲಿ ಬಸ್ ಅಂತ ತಿಳ್ಕೊಳ್ಳಿ. ನಮ್ಗೆ ಅದೇ ಗ್ರಹಚಾರ. ಸ್ಟೇಷನ್ ಮುಂದೆ ಇರೋ ಸ್ಟಾಪಲ್ಲಿ ನಿಂತ್ವಿ, ಬಸ್ ಇನ್ನೊಂದು ಕಡೆಯಿಂದ ಹೊರಡ್ತಿತ್ತಂತೆ, ಬೋರ್ಡ್ ಇಲ್ಲ, ಹೇಳೋರಿಲ್ಲ, ಒಂದು ಬಸ್ ಕಣ್ಮುಂದೇನೇ ಹೋಯ್ತು, ಓಡಿಕೊಂಡು ಹೋಗಿ ಬಾಗಿಲು ತಟ್ಟಿದ್ರೂ ಡ್ರೈವರ್ ತಿರುಗಿ ನೋಡ್ಲಿಲ್ಲ. ಮುಂದಿನ ಬಸ್‌ನಲ್ಲಿ ಕಾಲಿಡೋಕೆ ಜಾಗ ಇಲ್ಲ, ಅರ್ಧ ಜನ ಮೆಟ್ಸಿಂಗನ್ ಔಟ್‌ಲೆಟ್‌ನಲ್ಲಿ ಶಾಪಿಂಗ್ ಮಾಡಿ ಬಂದವರು, ಒಬ್ಬೊಬ್ಬರ ಕೈಲೂ ನಾಲ್ಕು ನಾಲ್ಕು ಚೀಲ. ಅಮ್ಮ ನಿಂತ್ಕೊಂಡೇ ಬಂದ್ರು. ನನ್ಗೆ ಬಸ್ ರಶ್ ಅಂದ್ರೆ ಆಗಲ್ಲ, ಅದಕ್ಕೆ ಸ್ವಲ್ಪ ಜಾಸ್ತಿ ಬೈತಿದೀನಿ ಅನ್ಸಬಹುದು, ಆದ್ರೂ ವಯಸ್ಸಾದವರನ್ನ ಕರ್ಕೊಂಡು ಹೋಗೋರು ಹಿಂದಿನ ದಿನವೇ ನೋಡಿಕೊಳ್ಳಿ. ಡಾಯ್ಚ್‌ಲಾಂಡ್ ಟಿಕೆಟ್ (ಇಡೀ ಜರ್ಮನಿಯ ಲೋಕಲ್ ರೈಲು, ಬಸ್‌ಗೆ ತಿಂಗಳ ಪಾಸ್) ಇದ್ರೆ ಈ ಇಡೀ ಸುತ್ತಾಟಕ್ಕೆ ಬೇರೆ ಟಿಕೆಟ್ ಬೇಡ, 2025ರಲ್ಲಿ ತಿಂಗಳಿಗೆ 58 ಯೂರೋ ಇತ್ತು.

ಉರಾಖ್ ಅರಮನೆ ದೊಡ್ಡದೇನಲ್ಲ. ಇಷ್ಟು ಸಣ್ಣ ಊರಲ್ಲಿ ಯಾಕೆ ಅರಮನೆ ಅಂದ್ರೆ, 1442ರಲ್ಲಿ ಈ ಸೀಮೆ ಆಳ್ತಿದ್ದ ವುರ್ಟೆಂಬರ್ಗ್ ಮನೆತನದ ಅಣ್ಣ ತಮ್ಮ ಪಾಲು ಮಾಡ್ಕೊಂಡ್ರು. ಎಬರ್‌ಹಾರ್ಡ್ ಅಪ್ಪ ಲುಡ್ವಿಗ್‌ಗೆ ಉರಾಖ್ ಕಡೆ ಪಾಲು, ಚಿಕ್ಕಪ್ಪ ಉಲ್ರಿಖ್‌ಗೆ ಸ್ಟುಟ್‌ಗಾರ್ಟ್ ಪಾಲು. ಹುಡುಗ ಹುಟ್ಟಿದ್ದು 1445ರಲ್ಲಿ, 1450ಕ್ಕೇ ಅಪ್ಪ ಹೋದ. ಅಮ್ಮ ಮೆಖ್ಟಿಲ್ಡ್ ಎರಡೇ ವರ್ಷದಲ್ಲಿ ಆಸ್ಟ್ರಿಯಾದ ಆರ್ಚ್‌ಡ್ಯೂಕ್‌ನ ಮದ್ವೆ ಆದ್ಲು. 1457ರಲ್ಲಿ ಅಣ್ಣನೂ ತೀರಿಕೊಂಡ. 1459ರಲ್ಲಿ ಅಧಿಕಾರ ಕೈಗೆ ಬಂದಾಗ ಇವನಿಗೆ 14 ವರ್ಷ. ಆಮೇಲೆ ಜೆರುಸಲೇಮ್ ಯಾತ್ರೆ ಮಾಡ್ಕೊಂಡು ಬಂದ, 1468ರಲ್ಲಿ. ಅರಮನೆಯ ಪಾಮ್ ಹಾಲ್‌ನಲ್ಲಿ ಗೋಡೆ ತುಂಬಾ ಖರ್ಜೂರದ ಮರ ಬರ್ಸಿರೋದು ಅದೇ ಯಾತ್ರೆಯ ನೆನಪಿಗೆ, ಇವತ್ತು ಯೂನಿವರ್ಸಿಟಿ ಲೋಗೋದಲ್ಲಿರೋದೂ ಅದೇ ಮರ. ಹೊರಗೆ ನಾಲ್ಕು ಡಿಗ್ರಿ ಚಳಿ, ಒಳಗೆ ಗೋಡೆ ಮೇಲೆ ಖರ್ಜೂರದ ಮರ, ಅಪ್ಪ ಅಲ್ಲೇ ಬೆಂಚ್ ಮೇಲೆ ಕೂತುಬಿಟ್ರು.

1474ರ ಜುಲೈನಲ್ಲಿ ಮದ್ವೆ ನಡೆದಿದ್ದೂ ಇದೇ ಊರಲ್ಲಿ. ಹುಡುಗಿ ಇಟಲಿಯ ಮಾಂಟುವಾದ ಬಾರ್ಬರಾ ಗೊಂಜಾಗಾ, 18 ವರ್ಷ, ಆಲ್ಪ್ಸ್ ದಾಟಿ ಬಂದವಳು. ಸಾವಿರಾರು ಜನಕ್ಕೆ ಊಟ ಹಾಕ್ಸಿದ್ರಂತೆ. ಈಗಿನ ಮಾರ್ಕೆಟ್ ಚೌಕದಲ್ಲಿ ನಿಂತು ನೋಡಿದ್ರೆ ಅಷ್ಟು ಜನ ಎಲ್ಲಿ ಕೂತ್ರು ಅಂತಾನೇ ಅರ್ಥ ಆಗಲ್ಲ. ಅದೇ ವರ್ಷ ಚಿತ್ರಕಾರ ಮಾಂಟೆನ್ಯಾ ಅವಳ ತವರುಮನೆ ಗೋಡೆ ಮೇಲೆ ಇಡೀ ಸಂಸಾರದ ಚಿತ್ರ ಬರ್ದು ಮುಗಿಸಿದ್ದ, ಅದ್ರಲ್ಲಿ ಇವಳೂ ಇದಾಳೆ ಅಂತಾರೆ. 1475ರಲ್ಲಿ ಒಂದು ಹೆಣ್ಣುಮಗು ಹುಟ್ಟಿ ಬೇಗ ಹೋಯ್ತು, ಮತ್ತೆ ಮಕ್ಕಳಾಗ್ಲಿಲ್ಲ. ಪಕ್ಕದ ಸೇಂಟ್ ಅಮಾಂಡಸ್ ಚರ್ಚಲ್ಲಿ ಎಬರ್‌ಹಾರ್ಡ್ ಕೂತು ಪ್ರಾರ್ಥನೆ ಮಾಡ್ತಿದ್ದ ಮರದ ಪೀಠ ಇದೆ, 1472ರದು, ಕೆತ್ತನೆ ನೋಡ್ತಾ ಅರ್ಧ ಗಂಟೆ ಹೋಗುತ್ತೆ. ಜನಾನೂ ಇರಲ್ಲ, ನನ್ನ ಕೇಳಿದ್ರೆ ಇಡೀ ಟ್ರಿಪ್‌ನಲ್ಲಿ ಇದೇ ಬೆಸ್ಟ್.

ಅಲ್ಲ, ಬೆಸ್ಟ್ ಊಟ. ಚೌಕದಿಂದ ಒಂದು ಸಂದಿ ಒಳಗೆ ಮಾಂಸದಂಗಡಿ ಥರದ್ದು, ಮಧ್ಯಾಹ್ನ ಮಾತ್ರ ಊಟ ಹಾಕ್ತಾರೆ, ನಾಲ್ಕೇ ಟೇಬಲ್. ಬೇಳೆ ಮತ್ತು ಸ್ಪೆಟ್ಸ್ಲೆ (ನೂಡಲ್ಸ್ ಥರದ್ದು), 8 ಯೂರೋ 50. ಸಾಸೇಜ್ ಬೇಡ ಅಂದ್ರೆ ಮರುಮಾತಿಲ್ಲದೆ ಅದರ ಬದ್ಲು ಇನ್ನೊಂದು ಸೌಟು ಬೇಳೆ ಹಾಕಿದ್ರು. ಬೇಳೆ ಬೇಯಿಸಿದ ಪಾತ್ರೇಲೇ ಹಂದಿಮಾಂಸ ಹಾಕಿರ್ತಾರಾ ಅಂತ ಕೇಳಿ, ಕೆಲವು ಕಡೆ ಹಾಕ್ತಾರೆ, ಇಲ್ಲಿ ಇರ್ಲಿಲ್ಲ. ವಿನೆಗರ್ ಹಾಕಿ ಹುಳಿ ಮಾಡಿರೋದ್ರಿಂದ ಅಮ್ಮ ಒಂದು ತುತ್ತು ತಿಂದವರೇ ಇದು ಒಗ್ಗರಣೆ ಮರೆತ ಹುಳಿ ಕಣೋ ಅಂದ್ರು, ಅಷ್ಟು ದಿನದಲ್ಲಿ ಹೊಟ್ಟೆ ತುಂಬಾ ತಿಂದಿದ್ದು ಅವತ್ತೇ. ಈ ಬೇಳೆಗೂ ಒಂದು ಕಥೆ ಇದೆ, ಇಲ್ಲಿನ ಅಲ್ಬ್ ಬೆಟ್ಟಗಳಲ್ಲಿ ಬೆಳೀತಿದ್ದ ಹಳೇ ತಳಿ ಪೂರ್ತಿ ನಿಂತೋಗಿತ್ತಂತೆ, 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವಾವಿಲೋವ್ ಬೀಜ ಸಂಗ್ರಹದಲ್ಲಿ ಸಿಕ್ತು, ಅಲ್ಲಿಂದ ತಂದು ಮತ್ತೆ ಬೆಳೀತಿದಾರೆ. ಮಧ್ಯಾಹ್ನ ಒಂದೂವರೆಯೊಳಗೆ ಹೋಗಿ, ಆಮೇಲೆ ಪಾತ್ರೆ ಖಾಲಿ. ಭಾನುವಾರ ತೆಗೆಯಲ್ಲ.

ಉರಾಖ್ ಜಲಪಾತ 37 ಮೀಟರ್. ಜೋಗ ನೋಡಿದವರು ಅದಕ್ಕೋಸ್ಕರ ಇನ್ನೊಂದು ದಿನ ಉಳಿಯೋದೇನೂ ಬೇಡ.

ಇನ್ನು ಟ್ಯೂಬಿಂಗನ್. ದೋಣಿ ಸವಾರಿ ಕ್ಯೂ ಬಿಟ್ಟು ಸೀದಾ ಸ್ಟಿಫ್ಟ್ಸ್ ಚರ್ಚ್‌ಗೆ ಹೋಗಿ, ಸಮಾಧಿಗಳಿರೋದು ಮುಂಭಾಗದ ಕಟಕಟೆ ದಾಟಿ ಒಳಗೆ, ಹೊರಗಿಂದ ನೋಡಿ ವಾಪಸ್ ಬರೋರೇ ಜಾಸ್ತಿ. ಇವರ್ಯಾರೂ ಮೊದ್ಲು ಇಲ್ಲಿರಲಿಲ್ಲ. ಎಬರ್‌ಹಾರ್ಡ್ ಅಪ್ಪ ಅಮ್ಮನ ಸಮಾಧಿ ಉರಾಖ್ ಹತ್ರದ ಗ್ಯೂಟರ್‌ಸ್ಟೈನ್ ಮಠದಲ್ಲಿತ್ತು, ಮಗಂದು ಐನ್‌ಸೀಡಲ್‌ನಲ್ಲಿ ಅವನೇ ಕಟ್ಸಿದ ಮಠದಲ್ಲಿ, 16ನೇ ಶತಮಾನದಲ್ಲಿ ಎಲ್ಲಾನೂ ಇಲ್ಲಿಗೆ ತಂದ್ರು. ಯೂನಿವರ್ಸಿಟಿ ಕಟ್ಟೋಕೆ ಮಗನನ್ನ ಹುರಿದುಂಬಿಸಿದ್ದು ಮೆಖ್ಟಿಲ್ಡ್ ಅಂತಾರೆ, ಅವಳ ಕಲ್ಲಿನ ಮುಖ ಮಗಂದಕ್ಕಿಂತ ಚೆನ್ನಾಗಿದೆ, ನಮ್ಮಪ್ಪ ಅಲ್ಲಿಂದ ಏಳೋಕೇ ಒಪ್ಲಿಲ್ಲ. ಬಾರ್ಬರಾ ಮಾತ್ರ ಇಲ್ಲಿಲ್ಲ. ಅವಳು 1503ರಲ್ಲಿ ಬ್ಯೋಬ್ಲಿಂಗನ್‌ನಲ್ಲಿ ತೀರಿಕೊಂಡ್ಲು, ಗಂಡನ ಪಕ್ಕದಲ್ಲಿ ಜಾಗ ಸಿಗ್ಲಿಲ್ಲ.

ಗೈಡ್‌ಗಳು ಇವನನ್ನ ದೇವರ ಥರ ಹೊಗಳ್ತಾರೆ. ಪಾಲಾದ ಸೀಮೆನ 1482ರಲ್ಲಿ ಮತ್ತೆ ಒಂದು ಮಾಡಿದ, 1495ರಲ್ಲಿ ಡ್ಯೂಕ್ ಆದ, ಎಲ್ಲಾ ನಿಜ. ಆದ್ರೆ ಯೂನಿವರ್ಸಿಟಿ ಶುರುವಾದಾಗಲೇ ಯಹೂದಿಗಳನ್ನ ಟ್ಯೂಬಿಂಗನ್‌ನಿಂದ ಓಡ್ಸಿದ, ಉಯಿಲಲ್ಲೂ ಸೀಮೇಲಿ ಅವರನ್ನ ಇಟ್ಕೋಬಾರ್ದು ಅಂತ ಬರ್ಸಿಟ್ಟ. ನಮ್ಮ ಟೂರಲ್ಲಿ ಈ ಮಾತೇ ಬರ್ಲಿಲ್ಲ, ಅಪ್ಪ ಕೇಳಿದ್ದಕ್ಕೆ ಹೌದು ಅಂತ ಒಂದೇ ಮಾತಲ್ಲಿ ಮುಗಿಸಿದ್ರು. ಡ್ಯೂಕ್ ಆಗಿ ಏಳು ತಿಂಗಳಿಗೇ, 1496ರ ಫೆಬ್ರವರಿಯಲ್ಲಿ ಸತ್ತ, ಮಕ್ಕಳಿಲ್ಲದ ಕಾರಣ ಎಲ್ಲಾ ಹೋಗಿದ್ದು ದಾಯಾದಿಗೆ, ಉಲ್ರಿಖ್ ಚಿಕ್ಕಪ್ಪನ ಮಗನಿಗೆ. ಅವನ ಹೆಸರೂ ಎಬರ್‌ಹಾರ್ಡೇ, ಬೋರ್ಡ್ ಓದೋವಾಗ ಗೊಂದಲ ಆಗುತ್ತೆ. ಅವನನ್ನ 1498ರಲ್ಲಿ ಇಳಿಸಿಯೇಬಿಟ್ರು.

ಸ್ಟುಟ್‌ಗಾರ್ಟ್‌ನಲ್ಲಿ ಟೈಮ್ ಇದ್ರೆ ಹಳೇ ಅರಮನೆ ಅಂಗಳಕ್ಕೆ ಹೋಗಿ, ಗಡ್ಡದ ಎಬರ್‌ಹಾರ್ಡ್ ಪ್ರತಿಮೆಯಾಗಿ ಕುದುರೆ ಮೇಲೆ ಕೂತಿದಾನೆ, ಅಲ್ಲಿಗೆ ದುಡ್ಡು ಕೊಡಬೇಕಾಗಿಲ್ಲ. ಮೆಟ್ಸಿಂಗನ್ ಔಟ್‌ಲೆಟ್ ಶಾಪಿಂಗ್ ಇದೇ ಟ್ರಿಪ್‌ಗೆ ಸೇರಿಸ್ತೀನಿ ಅನ್ನೋರು ಶನಿವಾರ ಬಿಟ್ಟು ಬೇರೆ ದಿನ ನೋಡ್ಕೊಳ್ಳಿ, ಇಲ್ಲಾಂದ್ರೆ ಆ ಬಸ್ಸೇ ಗತಿ.